ಮೈಸೂರಿನ ನಂಟಿನ ಯೋಧೆ ನೂರ್ ಇನಾಯತ್ ಖಾನ್

ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು ಎಂಬುದನ್ನು ಈ ಶಾಲೆಯಲ್ಲಿ ಓದಿದ ಎಲ್ಲರೂ ಬಲ್ಲರು. ಅದೇ ಒಡೆಯರ ಆಸ್ಥಾನದಲ್ಲಿ ರಾಜಮರ್ಯಾದೆ ಪಡೆದವರಲ್ಲಿ ಉತ್ತರದ ಗಾಯಕ ಮೌಲಾ ಬಕ್ಷ್ ಒಬ್ಬರು. ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳನ್ನು ಅವರು ಮದುವೆಯಾದರೆಂದು ಮನೆತನದವರು ಹೇಳುತ್ತಾ ಬಂದಿದ್ದಾರೆ. ಮುಂದೆ ಅವರು ಬರೋಡದಲ್ಲಿ ನೆಲೆಸಿದರು. ಅವರ ಮಗಳ ಮಗ, ವೀಣೆ ನುಡಿಸುತ್ತಿದ್ದ ಸೂಫಿ ಗುರು ಇನಾಯತ್ ಖಾನ್. ಇನಾಯತರ ಹಿರಿಯ ಮಗಳೇ ನೂರ್.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಬಳಿಯ ಸುರೇನ್ ಎಂಬ ಊರಿನಲ್ಲಿ. 1927ರಲ್ಲಿ ತಂದೆ ತೀರಿಕೊಂಡಾಗ ಆಕೆಗೆ 13 ವರ್ಷ. ದುಃಖದಲ್ಲಿ ಮುಳುಗಿದ್ದ ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ತಂಗಿಯನ್ನೂ ನೋಡಿಕೊಳ್ಳುವ ಭಾರ ಆ ಹುಡುಗಿಯ ಮೇಲೆ ಬಿತ್ತು. ಮಕ್ಕಳಿಗೆ ಕಥೆ ಬರೆಯುವುದು ಆಕೆಗೆ ಪ್ರಿಯವಾದ ಕೆಲಸ. 20 ಜಾತಕ ಕಥೆಗಳ ಆಕೆಯ ಇಂಗ್ಲಿಷ್ ಪುಸ್ತಕ 1939ರಲ್ಲಿ ಅಚ್ಚಾಯಿತು. ಅಹಿಂಸೆಯ ಮನೆಯಲ್ಲಿ ಬೆಳೆದ ಇಂಥವಳು ಸೈನ್ಯ ಸೇರಿದ್ದೇಕೆ? 1940ರಲ್ಲಿ ಜರ್ಮನರು ಫ್ರಾನ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡಿಗೆ ಓಡಿತು. ಅದೇ ನವೆಂಬರಿನಲ್ಲಿ ನೂರ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತಳು. ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲುತ್ತೇನೆಂದು ಅಧಿಕಾರಿಗಳ ಮುಂದೆಯೇ ಹೇಳಿದವಳು ಈಕೆ. ಟಿಪ್ಪುವಿನ ರಕ್ತವೆಂದು ಹೆಮ್ಮೆಪಡುವವರು ಪಡಲಿ. ನನಗಂತೂ ಈ ನೇರಮಾತೇ ದೊಡ್ಡದಾಗಿ ಕಾಣುತ್ತದೆ.

1943ರ ಜೂನ್ 16ರ ರಾತ್ರಿ ಸಣ್ಣ ವಿಮಾನವೊಂದು ಆಕೆಯನ್ನು ಫ್ರಾನ್ಸಿನಲ್ಲಿ ಇಳಿಸಿತು. ಗುಪ್ತನಾಮ ಮಾದಲೇನ್. ಬ್ರಿಟನ್ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ. ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಗುಪ್ತಚರ ಜಾಲದವರನ್ನೆಲ್ಲ ಜರ್ಮನರು ಹಿಡಿಯತೊಡಗಿದರು. ಹಿಂತಿರುಗಿ ಬಾ ಎಂದು ಲಂಡನ್ ಕರೆದರೂ ಆಕೆ ಒಪ್ಪಲಿಲ್ಲ. ಸೂಟ್‌ಕೇಸಿನಲ್ಲಿ ಅಡಗಿಸಿದ ಯಂತ್ರ ಹೊತ್ತು, ಮನೆಯಿಂದ ಮನೆಗೆ ಬದಲಾಯಿಸುತ್ತಾ ಸಂದೇಶ ಕಳಿಸಿದಳು. ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ಜರ್ಮನರ ಪತ್ತೆವಾಹನಗಳು ಜಾಡು ಹಿಡಿಯುತ್ತಿದ್ದವು. ಹೀಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಅಕ್ಟೋಬರಿನಲ್ಲಿ ಯಾರೋ ಹಣಕ್ಕಾಗಿ ಹಿಡಿದುಕೊಟ್ಟರು.

ಇಲ್ಲೊಂದು ಸಂಗತಿಯನ್ನು ಮುಚ್ಚಿಡಬಾರದು. ಕಳಿಸಿದ ಸಂದೇಶಗಳನ್ನೆಲ್ಲ ನೂರ್ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಸಂದೇಶಗಳನ್ನು 'ಫೈಲ್' ಮಾಡುವಾಗ ಎಚ್ಚರವಿರಲಿ ಎಂದಿದ್ದ ಸೂಚನೆಯನ್ನು, ಜೋಪಾನವಾಗಿ ಇಟ್ಟುಕೋ ಎಂದು ಆಕೆ ತಿಳಿದಿರಬೇಕೆಂದು ಸಂಶೋಧಕರ ಊಹೆ. ಆ ಪುಸ್ತಕ, ಯಂತ್ರ ಎರಡೂ ಜರ್ಮನರ ಕೈಗೆ ಸಿಕ್ಕವು. ಆಕೆಯ ಹೆಸರಿನಲ್ಲೇ ಅವರು ಲಂಡನ್ನಿಗೆ ಸಂದೇಶ ಕಳಿಸಿದರು. ಲಂಡನ್ ನಂಬಿತು, 1944ರ ಫೆಬ್ರವರಿ ಕೊನೆಯಲ್ಲಿ ಇನ್ನಷ್ಟು ಜನರನ್ನು ಪ್ಯಾರಾಚೂಟಿನಲ್ಲಿ ಇಳಿಸಿತು. ಕೆಳಗೆ ಕಾದಿದ್ದವರು ಜರ್ಮನರು. ಅಂದು ಸಿಕ್ಕಿಬಿದ್ದವರಲ್ಲಿ ಮಾದಲೇನ್ ದಾಮೆರ್ಮಾಂ ಎಂಬ ಯುವತಿಯೂ ಇದ್ದಳು. ಇಷ್ಟಾಗಿಯೂ ತಪ್ಪೆಲ್ಲ ನೂರಳದೆನ್ನಲು ನನಗೆ ಮನಸ್ಸಿಲ್ಲ. ತರಬೇತಿ ಪೂರ್ತಿಯಾಗದ ಹುಡುಗಿಯನ್ನು ಕಳಿಸಿದವರು ಯಾರು? ಸಂದೇಶಗಳ ಬಗ್ಗೆ ಎದ್ದ ಅನುಮಾನವನ್ನು ತಳ್ಳಿಹಾಕಿದವರು ಯಾರು?

ಸೆರೆಯಲ್ಲಿ ನೂರ್ ಬಾಯಿಬಿಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಸುಮಾರು 10 ತಿಂಗಳು ಒಂಟಿ ಕೋಣೆಯಲ್ಲಿ ಕೈಕಾಲಿಗೆ ಸರಪಳಿ ಬಿಗಿದು ಇಟ್ಟರು. 1944ರ ಸೆಪ್ಟೆಂಬರ್ 13ರ ಬೆಳಗ್ಗೆ ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಜೊತೆಯಲ್ಲಿ ಕೊಂದ ಮೂವರು ಹೆಂಗಸರಲ್ಲಿ ದಾಮೆರ್ಮಾಂ ಒಬ್ಬಳು.

1949ರಲ್ಲಿ ಬ್ರಿಟನ್ ಆಕೆಗೆ ಜಾರ್ಜ್ ಕ್ರಾಸ್ ಪದಕ ನೀಡಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಚೌಕದಲ್ಲಿ ಪ್ರತಿಮೆ ನಿಂತಿತು. ಸಮಾಧಿಯೆಂಬುದು ಇಲ್ಲ. ಗೋರಿಯಿಲ್ಲದ ವಾಯುಪಡೆಯವರಿಗಾಗಿ ರನ್ನಿಮೀಡಿನಲ್ಲಿ ಕಟ್ಟಿದ ಸ್ಮಾರಕದ ಕಲ್ಲಿನಲ್ಲಿ, 20 ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ, ಆಕೆಯ ಹೆಸರೂ ಕೆತ್ತಿದೆ.