ಆತಕೂರಿನ ಕಾಳಿ: ಬೇಟೆನಾಯಿಯೊಂದರ ವೀರಗಲ್ಲು

ಹೈದರಾಬಾದಿನ ಲಿಂಗಂಪಲ್ಲಿಯಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ತಾಂಡೂರು, ಸೇಡಂಗಳನ್ನು ದಾಟಿದ ಬಳಿಕ ಮಳಖೇಡ ರೋಡ್ ನಿಲ್ದಾಣವು ಬರುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿಂದ ಆಳಿದ ಮೂರನೆಯ ಕೃಷ್ಣನ ಅತಿ ದೊಡ್ಡ ವಿಜಯದ ವೃತ್ತಾಂತವು ನಮಗೆ ದೊರೆಯುವುದು ಒಂದು ನಾಯಿಯ ಸ್ಮಾರಕಶಿಲೆಯಿಂದ ಎಂಬುದು ಕರ್ನಾಟಕದ ಇತಿಹಾಸದ ವಿಶೇಷಗಳಲ್ಲೊಂದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಿಲೆ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದ ಕಾಲ ಕ್ರಿ. ಶ. 949-50. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಅದರ ಮೇಲೆ ಕೆತ್ತಲಾಗಿದೆ.

ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದನು. ಅವನನ್ನು ಕೊಂದ ಗಂಗ ದೊರೆ ಬೂತುಗನಿಗೆ ಕೃಷ್ಣನು ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಸೇವಕನಾದ ಮಣಲೆರನೂ ಆ ಕಾಳಗದಲ್ಲಿ ಪರಾಕ್ರಮ ಮೆರೆದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಮಣಲೆರನು ಬೇಡಿದುದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಆತಕೂರು ಹನ್ನೆರಡು ಅವನಿಗೆ ಬಾಳ್ಗಚ್ಚಾಗಿ ದೊರೆಯಿತೆಂದೂ ಶಾಸನವು ಹೇಳುತ್ತದೆ. ಆದರೆ ಅದು ಒಡೆಯನ ಕೊಡುಗೆ, ಕಾಳಿಯು ಸೇವಕನ ಆಯ್ಕೆ.

ಈ ಆಯ್ಕೆಯ ಮರ್ಮವನ್ನು ಬೇಟೆಯ ರೀತಿಯೇ ತಿಳಿಸುತ್ತದೆ. ಕಾಡುಹಂದಿಯು ಓಡುವಂತೆಯೇ ತಿರುಗಿ ಬೀಳುವ ಪ್ರಾಣಿ. ಅದರ ಕೋರೆಯ ಒಂದು ಹೊಡೆತಕ್ಕೆ ನಾಯಿಯ ಹೊಟ್ಟೆ ಸೀಳಿಹೋಗುವುದುಂಟು. ಒಡೆಯನ ಕೂಗು ಕೇಳಿಸದಷ್ಟು ದೂರದಲ್ಲಿ ಯಾವಾಗ ನುಗ್ಗಬೇಕು, ಯಾವಾಗ ಹಿಂದೆಗೆಯಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ನಾಯಿಯೇ ನಿರ್ಧರಿಸಬೇಕು. ಆದುದರಿಂದ ಬೇಟೆನಾಯಿಗೆ ವೇಗದಷ್ಟೇ ಬುದ್ಧಿಯೂ, ಬುದ್ಧಿಯಷ್ಟೇ ಛಲವೂ ಅಗತ್ಯ.

ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಒಡನೆಯೇ ಸತ್ತುವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ದತ್ತಿ ಬಿಟ್ಟರು. ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣಬಾರದೆಂದು ವಿಧಿಸಿದರು. ಕಣ್ಣೀರು ಕೆಲವು ದಿನಗಳಲ್ಲಿ ಆರುತ್ತದೆ. ಕೆರೆಯ ಕೆಳಗಿನ ಭೂಮಿಯಾದರೋ ವರ್ಷವರ್ಷವೂ ಫಲ ಕೊಡುತ್ತದೆ. ನೆನಪನ್ನು ಉತ್ಪನ್ನಕ್ಕೆ ಬಿಗಿದ ಈ ವ್ಯವಸ್ಥೆಯಲ್ಲಿ ಪ್ರೀತಿಯೊಡನೆ ದೂರದೃಷ್ಟಿಯೂ ಇದೆ.

ಕಾಳಿಯು ಇಂದಿನ ಮುಧೋಳ ನಾಯಿಯ ಪೂರ್ವಜವೆಂದು ಹೇಳಲು ಶಾಸನದಲ್ಲಿ ಆಧಾರವಿಲ್ಲ. ತಳಿಯ ಮಾತನ್ನೇ ಅದು ಎತ್ತುವುದಿಲ್ಲ. ಆದರೆ ದುಡಿಯುವ ನಾಯಿಗೆ ಕನ್ನಡ ನಾಡಿನಲ್ಲಿ ಸಲ್ಲುತ್ತಿರುವ ಮನ್ನಣೆ ಕಡಿದುಹೋಗಿಲ್ಲ. 2005ರಲ್ಲಿ ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. 2016ರಲ್ಲಿ ಆ ತಳಿಯ ನಾಯಿಗಳು ತರಬೇತಿಗಾಗಿ ಮೀರತ್ತಿನ ಸೇನಾಕೇಂದ್ರವನ್ನು ಸೇರಿದುವು.

ಮಾನ್ಯಖೇಟದ ಸಾಮ್ರಾಜ್ಯವು ತಕ್ಕೋಲದ ಗೆಲವಿನ ತರುವಾಯ ಕಾಲು ಶತಮಾನವಷ್ಟೇ ಬಾಳಿತು. ಚಕ್ರವರ್ತಿಯ ಜಯ, ಸಾಮಂತನ ಶೌರ್ಯ, ಸೇವಕನ ನಿಷ್ಠೆ, ನಾಯಿಯ ಛಲ ಇವು ನಾಲ್ಕನ್ನೂ ಒಂದೇ ಕಲ್ಲಿನಲ್ಲಿ ಬರೆಯಿಸಿದವರಿಗೆ ಗುಣವನ್ನು ಕುಲದಿಂದ ಅಳೆಯಬೇಕೆಂದು ತೋರಲಿಲ್ಲ. ಆ ಕಲ್ಲು ಇಂದಿಗೂ ಉಳಿದಿದೆ.