ಸಿಡಿತಲೆಯಿಂದ ವಿದ್ಯುತ್ತಿಗೆ: ಅಣ್ವಸ್ತ್ರ ಅಪಾಯದ ತಗ್ಗಿಸುವಿಕೆಯಲ್ಲಿ ಸರ್ಕಾರ ಮತ್ತು ಉದ್ಯಮ

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಅಣ್ವಸ್ತ್ರ ಕೇಂದ್ರಗಳಲ್ಲಿ ಉಳಿದದ್ದು ಸಿಡಿತಲೆಗಳು ಮಾತ್ರವಲ್ಲ. ನೂರಾರು ಟನ್ ಬಾಂಬ್ ದರ್ಜೆಯ ಯುರೇನಿಯಂ, ಭದ್ರತೆ ಸಡಿಲಗೊಂಡ ಉಗ್ರಾಣಗಳು, ತಿಂಗಳ ಸಂಬಳ ಸರಿಯಾಗಿ ಕೈಸೇರದ ಪರಿಣತರೂ ಉಳಿದರು. ಅದೇ ತಿಂಗಳು ಅಮೆರಿಕ ಜಾರಿಗೆ ತಂದ ನನ್–ಲೂಗರ್ ಕಾನೂನು ಶಸ್ತ್ರಗಳ ಸಾಗಣೆ, ಸಂಗ್ರಹ ಮತ್ತು ನಾಶಕ್ಕೆ ನೆರವು ಒದಗಿಸಿತು. ಅದು ಸರ್ಕಾರ ಸರ್ಕಾರಕ್ಕೆ ಕೊಟ್ಟ ಸಹಾಯ. ಪ್ರಸ್ತುತ ಲೇಖನ ಪರಿಶೀಲಿಸುವುದು ಇನ್ನೊಂದು ದಾರಿಯನ್ನು: ಶಸ್ತ್ರದ ತಿರುಳನ್ನೇ ಸರಕಾಗಿಸಿ ಮಾರುಕಟ್ಟೆಗೆ ಇಳಿಸಿದ ‘ಮೆಗಾಟನ್ಸ್ ಟು ಮೆಗಾವಾಟ್ಸ್’ ಯೋಜನೆ. ಈ ಯೋಜನೆಯನ್ನು ಮಾರುಕಟ್ಟೆಯ ಗೆಲುವೆಂದು ಕೊಂಡಾಡುವುದು ರೂಢಿ. ದಾಖಲೆಗಳು ಅಷ್ಟು ಸಲೀಸಾದ ಕತೆಯನ್ನು ಹೇಳುವುದಿಲ್ಲ.

ಮೂಲ ಕಲ್ಪನೆ ಎಂಐಟಿಯ ಭೌತವಿಜ್ಞಾನಿ ಥಾಮಸ್ ನೆಫ್ ಅವರದು. 1991ರ ಅಕ್ಟೋಬರ್ 24ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಸಾರ ಇಷ್ಟೇ: ಸೋವಿಯತ್ ಒಕ್ಕೂಟದ ಬಳಿ ಯುರೇನಿಯಂ ಇದೆ, ಹಣವಿಲ್ಲ; ಅಮೆರಿಕದ ವಿದ್ಯುತ್ ಕಂಪನಿಗಳಿಗೆ ಇಂಧನ ಬೇಕು. 1993ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ರಷ್ಯಾ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದವು. 20 ವರ್ಷಗಳಲ್ಲಿ 500 ಟನ್ ಅತಿಸಂವರ್ಧಿತ ಯುರೇನಿಯಂ ಕರಗಬೇಕು. ವ್ಯವಹಾರದ ಹೊಣೆ ಅಮೆರಿಕದ ಕಡೆಯಿಂದ ಯುಸೆಕ್ ಸಂಸ್ಥೆಗೆ, ರಷ್ಯಾದ ಕಡೆಯಿಂದ ಟೆನೆಕ್ಸ್‌ಗೆ. 20,000 ಸಿಡಿತಲೆಗಳು ಇಲ್ಲವಾದವು ಎಂದು ಎಲ್ಲೆಡೆ ಉಲ್ಲೇಖಿಸಲಾಗುವ ಸಂಖ್ಯೆ ಸಿಡಿತಲೆಯೊಂದಕ್ಕೆ 25 ಕಿಲೋ ಎಂಬ ಅಂದಾಜಿನಿಂದ ಬಂದದ್ದು. ಎಣಿಸಿ ಬರೆದದ್ದಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕೈಗಾದ ಭಾರಜಲ ರಿಯಾಕ್ಟರುಗಳಿಗೆ ಸಹಜ ಯುರೇನಿಯಂ ಸಾಕಾಗುತ್ತದೆ. ಅಮೆರಿಕದ ರಿಯಾಕ್ಟರುಗಳಿಗೆ ಬೇಕಾದದ್ದು ಯುರೇನಿಯಂ–235ರ ಅಂಶ ಸುಮಾರು ಶೇ 3ರಿಂದ 5ರಷ್ಟಿರುವ ಇಂಧನ. ಬಾಂಬಿನಲ್ಲಿ ಅದು ಶೇ 90ರ ಆಸುಪಾಸು. ಇಳಿಸುವ ಕೆಲಸ ಮಜ್ಜಿಗೆಗೆ ನೀರು ಬೆರೆಸಿದಷ್ಟು ಸುಲಭದ್ದಲ್ಲ. ಸಿಡಿತಲೆಯಿಂದ ತೆಗೆದ ಲೋಹವನ್ನು ಮೊದಲು ತೆಳು ಚೂರುಗಳಾಗಿ ಹೆರೆಯುತ್ತಿದ್ದರು. ಚೂರುಗಳನ್ನು ಆಕ್ಸೈಡ್ ಮಾಡಿ, ಕಲ್ಮಶ ತೆಗೆದು, ಫ್ಲೋರಿನ್ ಜತೆ ಸೇರಿಸಿ ಅನಿಲವಾಗಿಸುತ್ತಿದ್ದರು. ಆಮೇಲೆ ಅದರೊಡನೆ ಶೇ 1.5ರಷ್ಟು ಸಂವರ್ಧಿಸಿದ ಯುರೇನಿಯಂ ಅನಿಲವನ್ನು ಬೆರೆಸುವುದು. ಸಹಜ ಯುರೇನಿಯಂ ಏಕಾಗದು? ಬಾಂಬ್ ಯುರೇನಿಯಂನಲ್ಲಿ 234 ಎಂಬ ಐಸೋಟೋಪು ಹೆಚ್ಚಿರುತ್ತದೆ. ಅದನ್ನು ಇಂಧನದ ಮಾನಕದೊಳಗೆ ತರಲು ಬೆರಕೆಯ ಅನಿಲವನ್ನೇ ಪ್ರತ್ಯೇಕವಾಗಿ ತಯಾರಿಸಬೇಕಾಯಿತು. ನೊವೊಉರಾಲ್ಸ್ಕ್, ಜೆಲೆನೊಗೋರ್ಸ್ಕ್, ಸೆವೆರ್ಸ್ಕ್‌ಗಳಲ್ಲಿ ಈ ಕೆಲಸ ನಡೆಯಿತು. ಒಂದು ಕಾಲಕ್ಕೆ ನಕ್ಷೆಯಲ್ಲೂ ಇಲ್ಲದ ಊರುಗಳಿವು. ಅಲ್ಲಿನ ಕೊಳವೆಗಳ ಮೇಲೆ ಅಮೆರಿಕದ ಅಳತೆ ಉಪಕರಣಗಳನ್ನು ಕೂರಿಸಲು ರಷ್ಯಾ ಒಪ್ಪಿತು. ರಷ್ಯಾದವರೂ ಅಮೆರಿಕದ ಘಟಕಗಳಿಗೆ ಹೋಗಿ ನೋಡಿಬಂದರು. ತಯಾರಾದ ಇಂಧನ ಉಕ್ಕಿನ ಸಿಲಿಂಡರುಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ತಲುಪಿ ಅಲ್ಲಿಂದ ಹಡಗೇರುತ್ತಿತ್ತು.

ಎಡವಿದ್ದು ಲೆಕ್ಕಪತ್ರದಲ್ಲಿ. ಯುಸೆಕ್ ಹಣ ಕೊಡುತ್ತಿದ್ದದ್ದು ಸಂವರ್ಧನೆಯ ಶ್ರಮಕ್ಕೆ. ಆ ಇಂಧನಕ್ಕೆ ಸಮನಾದ ಸಹಜ ಯುರೇನಿಯಂ ಪಾಲಿನ ಬೆಲೆಯನ್ನು ರಷ್ಯಾ ಬೇರೆಯಾಗಿ ಮಾರಿ ಗಳಿಸಿಕೊಳ್ಳಬೇಕಿತ್ತು. ಇದರ ನಡುವೆ 1998ರ ಜುಲೈಯಲ್ಲಿ ಅಮೆರಿಕ ಸರ್ಕಾರ ಯುಸೆಕ್ಕನ್ನು ಖಾಸಗಿಗೆ ವಹಿಸಿತು. ತಾನೇ ಯುರೇನಿಯಂ ಸಂವರ್ಧಿಸಿ ಮಾರುವ ಕಂಪನಿ, ಪ್ರತಿಸ್ಪರ್ಧಿಯ ಸರಕನ್ನು ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಕೊಳ್ಳಬೇಕು, ಷೇರುದಾರರಿಗೂ ಲಾಭ ತೋರಿಸಬೇಕು. ಕ್ಲಿಂಟನ್ ಆಡಳಿತದ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷರಾಗಿದ್ದ ಜೋಸೆಫ್ ಸ್ಟಿಗ್ಲಿಟ್ಜ್ ಈ ಹಿತಾಸಕ್ತಿಯ ಸಂಘರ್ಷವನ್ನು ಮುಂಚಿತವಾಗಿಯೇ ಎತ್ತಿ ತೋರಿಸಿ ವಿರೋಧಿಸಿದ್ದರು. ಯಾರೂ ಕಿವಿಗೊಡಲಿಲ್ಲ. ಸರ್ಕಾರದಿಂದ ತನಗೆ ಬಂದ ಯುರೇನಿಯಂ ದಾಸ್ತಾನನ್ನು ಯುಸೆಕ್ ಮಾರಹೊರಟಿತು, ಬೆಲೆ ಕುಸಿಯಿತು, ತನ್ನ ಪಾಲನ್ನು ಮಾರಲಾಗದ ರಷ್ಯಾ ಸಾಗಣೆ ನಿಲ್ಲಿಸಿತು. ಯೋಜನೆಯನ್ನು ಉಳಿಸಿದ್ದು ಮಾರುಕಟ್ಟೆಯಲ್ಲ, ಖಜಾನೆ. ಅಮೆರಿಕದ ಸಂಸತ್ತು 32.5 ಕೋಟಿ ಡಾಲರ್ ಮಂಜೂರು ಮಾಡಿ ಬಾಕಿ ಯುರೇನಿಯಂ ಕೊಳ್ಳಿಸಿತು. ಆ ಆಸರೆ ಸಿಕ್ಕಮೇಲೆಯೇ 1999ರ ಮಾರ್ಚಿನಲ್ಲಿ ಕ್ಯಾಮೆಕೊ, ಕೊಜೆಮಾ, ನ್ಯೂಕೆಮ್ ಕಂಪನಿಗಳು ಟೆನೆಕ್ಸ್ ಜತೆ ಖರೀದಿ ಒಪ್ಪಂದಕ್ಕೆ ಬಂದವು.

2002ರಲ್ಲಿ ಬೆಲೆಸೂತ್ರ ಬದಲಾದ ಮೇಲೆ ತಕರಾರು ತಗ್ಗಿತು. ಕೊನೆಯ ಕಂತು 2013ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ಸೇರಿತು. ಒಟ್ಟು 14,000 ಟನ್ನಿಗೂ ಹೆಚ್ಚು ಇಂಧನ. ಅಮೆರಿಕದ ವಿದ್ಯುತ್ತಿನಲ್ಲಿ ಸುಮಾರು ಹತ್ತನೇ ಒಂದು ಪಾಲು.

ಹೋಲಿಕೆಗೆ ಪ್ಲುಟೋನಿಯಂ ಒಪ್ಪಂದವನ್ನು ನೋಡಬಹುದು. 2000ದಲ್ಲಿ ಇವೇ ಎರಡು ದೇಶಗಳು ತಲಾ 34 ಟನ್ ಪ್ಲುಟೋನಿಯಂ ವಿಲೇವಾರಿಗೆ ಒಪ್ಪಿದ್ದವು. ಆದರೆ ಪ್ಲುಟೋನಿಯಂ ಬೆರೆಸಿದ ಇಂಧನ ತಯಾರಿಸುವ ಖರ್ಚು ಸಾಮಾನ್ಯ ಯುರೇನಿಯಂ ಇಂಧನಕ್ಕಿಂತ ಹೆಚ್ಚು. ಕೊಳ್ಳಲು ಕಂಪನಿಗಳಿಗೆ ಹೆಚ್ಚು ಆಸೆಯಿರಲಿಲ್ಲ. 2016ರಲ್ಲಿ ರಷ್ಯಾ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು, 2018ರಲ್ಲಿ ಅಮೆರಿಕ ಈ ಇಂಧನಕ್ಕಾಗಿ ಸವಾನಾ ನದಿಯ ಬಳಿ ಕಟ್ಟುತ್ತಿದ್ದ ಕಾರ್ಖಾನೆಯನ್ನು ಅರ್ಧಕ್ಕೇ ಕೈಬಿಟ್ಟಿತು.

ಲಾಭವಿದ್ದಲ್ಲಿ ಉದ್ಯಮ ಬರುತ್ತದೆ, ಆದರೆ ಬೆಲೆ ಬಿದ್ದ ದಿನ ಆಸರೆಯಾಗಿ ನಿಲ್ಲುವುದು ಸರ್ಕಾರವೊಂದೇ. 1993ರ ಯೋಜಕರು ಈ ಎರಡನೆಯ ಭಾಗವನ್ನು ಒಪ್ಪಂದದಲ್ಲಿ ಬರೆಯಲಿಲ್ಲ. ಯೋಜನೆ ಮುಗಿದ ಮೇಲೆ ಅಮೆರಿಕದ ಸಂವರ್ಧನಾ ಉದ್ಯಮದ ಗತಿಯೇನು ಎಂಬುದನ್ನೂ ಬರೆಯಲಿಲ್ಲ. 2013ರಲ್ಲಿ ಯುಸೆಕ್‌ನ ಪಾಡುಕಾ ಸ್ಥಾವರ ಸಂವರ್ಧನೆ ನಿಲ್ಲಿಸಿತು, ಮರುವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿತು. ರಷ್ಯಾದ ಸಂವರ್ಧಿತ ಯುರೇನಿಯಂ ಆಮದು ನಿಷೇಧಿಸುವ ಕಾನೂನನ್ನು ಅಮೆರಿಕ 2024ರಲ್ಲಿ ತಂದಿತಾದರೂ, ಬೇರೆ ದಾರಿಯಿಲ್ಲದ ಸ್ಥಾವರಗಳಿಗೆ 2027ರ ಕೊನೆಯವರೆಗೆ ವಿನಾಯಿತಿಗೆ ಅವಕಾಶ ಇಡಬೇಕಾಯಿತು.