ಡೆಪ್ತ್ ಆಫ್ ಫೀಲ್ಡ್: ಚಿತ್ರದ ಸ್ಫುಟತೆ ಎಲ್ಲಿಂದ ಎಲ್ಲಿಯವರೆಗೆ?

ಲೆನ್ಸನ್ನು ಒಂದು ನಿರ್ದಿಷ್ಟ ದೂರಕ್ಕೆ ಫೋಕಸ್ ಮಾಡಿದಾಗ ಆ ದೂರದಲ್ಲಿರುವ ವಸ್ತು ಮಾತ್ರ ಪೂರ್ಣ ಸ್ಫುಟವಾಗಿ ಮೂಡುತ್ತದೆ. ಅದರ ಹಿಂದೆ ಮುಂದೆ ಸ್ವಲ್ಪ ದೂರದವರೆಗಿನ ಮಸುಕನ್ನು ಕಣ್ಣು ಗುರುತಿಸಲಾರದು. ಹೀಗೆ ಸ್ಫುಟವಾಗಿ ತೋರುವ ಒಟ್ಟು ವ್ಯಾಪ್ತಿಯೇ ‘ಡೆಪ್ತ್ ಆಫ್ ಫೀಲ್ಡ್’, ಅಂದರೆ ಸ್ಫುಟತೆಯ ಆಳ. ಹಿನ್ನೆಲೆಯನ್ನು ಮಸುಕಾಗಿಸುವುದೇ ಸೊಗಸೆಂಬ ಭಾವನೆ ಇಂದು ವ್ಯಾಪಕವಾಗಿದೆ. ಆದರೆ ಛಾಯಾಚಿತ್ರವು ದಾಖಲೆಯೂ ಹೌದು. ಅದರಲ್ಲಿ ಏನು ಉಳಿಯಬೇಕು, ಏನು ಅಳಿಯಬಹುದು ಎಂಬುದು ಈ ಆಳವನ್ನೇ ಅವಲಂಬಿಸಿದೆ. ಗದಗ ಜಿಲ್ಲೆಯ ಗುಡಿ, ಮಗ್ಗ, ಕೆರೆ, ಗುಡ್ಡಗಳು ಇದಕ್ಕೆ ಉತ್ತಮ ನಿದರ್ಶನಗಳು.

ನಿರ್ಧರಿಸುವ ಅಂಶಗಳು

ಸ್ಫುಟತೆಯ ಆಳವನ್ನು ಮುಖ್ಯವಾಗಿ ಮೂರು ಅಂಶಗಳು ನಿರ್ಧರಿಸುತ್ತವೆ. ಅಪರ್ಚರ್ ಕಿರಿದಾದಷ್ಟೂ, ಅಂದರೆ ಎಫ್ ಸಂಖ್ಯೆ ದೊಡ್ಡದಾದಷ್ಟೂ ಆಳ ಹೆಚ್ಚುತ್ತದೆ. ವಸ್ತುವಿಗೆ ಸಮೀಪಿಸಿದಷ್ಟೂ ಕುಗ್ಗುತ್ತದೆ. ಲೆನ್ಸಿನ ಫೋಕಲ್ ಉದ್ದ ಹೆಚ್ಚಿದಷ್ಟೂ ಕುಗ್ಗುತ್ತದೆ. ಮುಂದಿನ ಅಂಕಿಗಳೆಲ್ಲ 35 ಮಿ.ಮೀ. ಫಿಲಂ ಅಥವಾ ಫುಲ್ ಫ್ರೇಮ್ ಕ್ಯಾಮೆರಾಗಳಿಗೆ ಅನ್ವಯಿಸುವ ಅಂದಾಜು ಲೆಕ್ಕಗಳು.

ಗದಗ-ಬೆಟಗೇರಿ: ಕಂಬ ಮತ್ತು ಮಗ್ಗ

ಗದುಗಿನ ತ್ರಿಕೂಟೇಶ್ವರ ದೇವಾಲಯದ ಆವರಣದಲ್ಲಿರುವ ಸರಸ್ವತಿ ಗುಡಿಯು ಕಲ್ಯಾಣ ಚಾಲುಕ್ಯರ ಕಾಲದ ಕೆತ್ತನೆಯ ಕಂಬಗಳಿಗೆ ಹೆಸರಾಗಿದೆ. 50 ಮಿ.ಮೀ. ಲೆನ್ಸಿನಲ್ಲಿ ಮೂರು ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿ ಎಫ್/2ರಲ್ಲಿ ಚಿತ್ರ ತೆಗೆದರೆ ಸುಮಾರು 2.8ರಿಂದ 3.2 ಮೀಟರ್ ನಡುವಿನದಷ್ಟೇ ಸ್ಫುಟ. ಎಫ್/16ರಲ್ಲಿ ಅದೇ ವ್ಯಾಪ್ತಿ 1.9ರಿಂದ 7 ಮೀಟರ್‌ಗೆ ಹಿಗ್ಗಿ, ಹಿಂದಿನ ಕಂಬಗಳೂ ಸ್ಪಷ್ಟವಾಗುತ್ತವೆ. ಆದರೆ ಬೆಳಕು 64 ಪಟ್ಟು ಇಳಿಯುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗ ಸಾಕಾಗಿದ್ದ ಎಕ್ಸ್‌ಪೋಷರ್‌ಗೆ ಸುಮಾರು ಒಂದು ಸೆಕೆಂಡ್ ಬೇಕಾಗುತ್ತದೆ. ಆಗ ಟ್ರೈಪಾಡ್ ಅನಿವಾರ್ಯ. ಸಂರಕ್ಷಿತ ಸ್ಮಾರಕಗಳಲ್ಲಿ ಅದನ್ನು ಬಳಸುವ ಮುನ್ನ ಅನುಮತಿಯ ಬಗ್ಗೆ ವಿಚಾರಿಸುವುದು ಲೇಸು.

ಬೆಟಗೇರಿಯ ನೇಕಾರರನ್ನು ಎಫ್/2ರಲ್ಲಿ ಹತ್ತಿರದಿಂದ ಚಿತ್ರಿಸಿದರೆ ಮುಖ ಉಳಿದು ಮಗ್ಗ ಮರೆಯಾದೀತು. 35 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ ಎಫ್/8 ಇರಿಸಿದರೆ 1.4ರಿಂದ 3.2 ಮೀಟರ್‌ವರೆಗೆ ಹಾಸು, ಹೊಕ್ಕು, ಲಾಳಿ ಎಲ್ಲವೂ ದಾಖಲಾಗುತ್ತವೆ.

ಲಕ್ಷ್ಮೇಶ್ವರ: ಶಾಸನದ ಅಕ್ಷರ

ಪ್ರಾಚೀನ ಪುಲಿಗೆರೆಯಾದ ಲಕ್ಷ್ಮೇಶ್ವರ ಶಾಸನಗಳ ನೆಲೆ. ಶಾಸನಕಲ್ಲನ್ನು ಓರೆಯಾಗಿ ನಿಂತು ಚಿತ್ರಿಸಿದರೆ ಒಂದು ಅಂಚಿನ ಅಕ್ಷರಗಳು ಮಸುಕಾಗುವ ಸಂಭವ ಹೆಚ್ಚು. ಓದುಗನಿಗೆ ಅಳಿದ ಅಕ್ಷರವೆಂದರೆ ಕಳೆದುಹೋದ ಪದ. ಕ್ಯಾಮೆರಾವನ್ನು ಕಲ್ಲಿಗೆ ಸಮಾನಾಂತರವಾಗಿ ಹಿಡಿದರೆ ಎಫ್/8 ಸಾಕಾಗುತ್ತದೆ. ಪಕ್ಕದಿಂದ ಬೀಳುವ ಬೆಳಕು ಕೆತ್ತನೆಯನ್ನು ಎದ್ದು ಕಾಣಿಸುತ್ತದೆ.

ಶಿರಹಟ್ಟಿ: ಮಾಗಡಿ ಕೆರೆಯ ಹಕ್ಕಿಗಳು

2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ವಲಸೆ ಬರುತ್ತವೆ. 400 ಮಿ.ಮೀ. ಲೆನ್ಸಿನಲ್ಲಿ 30 ಮೀಟರ್ ದೂರದ ಹಕ್ಕಿಗೆ ಎಫ್/5.6ರಲ್ಲಿ ದೊರೆಯುವ ಆಳ ಎರಡು ಮೀಟರಿಗೂ ಕಡಿಮೆ. ಒಂದೇ ಹಕ್ಕಿಗೆ ಇದು ಸಾಕು, ಹಿಂಡಿಗೆ ಸಾಲದು. ಎಫ್/11ಕ್ಕೆ ಇಳಿಸಿದರೆ ಆಳ 3.7 ಮೀಟರ್ ಆಗುತ್ತದೆ. ಆದರೆ ಶಟರ್ ವೇಗ ತಗ್ಗಿ ರೆಕ್ಕೆಯ ಚಲನೆ ಮಸುಕಾದೀತು. ಹಕ್ಕಿಗಳು ಒಂದೇ ಸಾಲಿನಲ್ಲಿ ಬರುವವರೆಗೆ ಕಾಯುವುದೇ ಜಾಣತನ. ಹಿನ್ನೆಲೆ ಮಸುಕಾಗಲೆಂದು ಹತ್ತಿರ ಹೋಗುವುದು ಸಲ್ಲದು. ಬೆದರಿ ಹಾರಿದ ಹಿಂಡು ವಿಶ್ರಾಂತಿಯನ್ನು ಕಳೆದುಕೊಳ್ಳುತ್ತದೆ.

ಮುಂಡರಗಿ: ಗುಡ್ಡದ ವಿಸ್ತಾರ

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕಾಲ ಬುಡದ ಗಿಡಮೂಲಿಕೆಯೂ ದೂರದ ಗಾಳಿಯಂತ್ರವೂ ಒಂದೇ ಚಿತ್ರದಲ್ಲಿ ಸ್ಫುಟವಾಗಬೇಕಾದರೆ 24 ಮಿ.ಮೀ. ಲೆನ್ಸಿನಲ್ಲಿ ಎಫ್/11 ಇರಿಸಿ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಬೇಕು. ಆಗ 0.9 ಮೀಟರ್‌ನಿಂದ ಅನಂತದವರೆಗೆ ಸ್ಫುಟತೆ ದೊರೆಯುತ್ತದೆ. ಈ ದೂರಕ್ಕೆ ‘ಹೈಪರ್‌ಫೋಕಲ್’ ದೂರವೆಂದು ಹೆಸರು. ಎಫ್/22ರಂತಹ ತೀರಾ ಕಿರಿದಾದ ಅಪರ್ಚರಿನಲ್ಲಿ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ತುಸು ಮೃದುವಾಗುತ್ತದೆ.

ಮೊಬೈಲ್ ಕ್ಯಾಮೆರಾ

ಮೊಬೈಲಿನ ಸಂವೇದಕ ಚಿಕ್ಕದು, ಲೆನ್ಸಿನ ಫೋಕಲ್ ಉದ್ದ ಅತಿ ಕಡಿಮೆ. ಆದ್ದರಿಂದ ಸಾಮಾನ್ಯ ಚಿತ್ರಗಳಲ್ಲಿ ಬಹುತೇಕ ಎಲ್ಲವೂ ಸ್ಫುಟ. ‘ಪೋರ್ಟ್ರೇಟ್’ ವಿಧಾನದ ಮಸುಕು ತಂತ್ರಾಂಶದ ಸೃಷ್ಟಿ. ಕೂದಲು, ನೂಲಿನ ಎಳೆಗಳ ಅಂಚಿನಲ್ಲಿ ಅದು ಎಡವುವುದುಂಟು. ದಾಖಲೆಯ ಚಿತ್ರಕ್ಕೆ ಅದನ್ನು ಬಳಸದಿರುವುದೇ ಒಳಿತು.

ಯಾವ ಕ್ಯಾಮೆರಾ ಆದರೂ ಕ್ರಮ ಒಂದೇ: ಏನೇನು ಸ್ಫುಟವಾಗಿರಬೇಕೆಂದು ಮೊದಲು ನಿರ್ಧರಿಸಿ, ಬಳಿಕ ದೂರ ಮತ್ತು ಅಪರ್ಚರ್ ಆರಿಸಿ, ತೆಗೆದ ಚಿತ್ರವನ್ನು ಹಿಗ್ಗಿಸಿ ಅಂಚುಗಳನ್ನು ಪರೀಕ್ಷಿಸಿ, ಆಮೇಲೆ ಸ್ಥಳ ಬಿಡಬೇಕು.